ಹ್ಯಾಂಡೆಲನ ಮೂರು ಈಸ್ಟರ್ ಹಬ್ಬಗಳು

ಈಸ್ಟರ್ ಹಬ್ಬದ ಮುಂಜಾವದಲ್ಲಿ, ಇನ್ನೂ ಕತ್ತಲಿರುವಾಗಲೇ, ನಮ್ಮ ವಿದ್ಯಾರ್ಥಿನಿಲಯದ ಹುಡುಗಿಯರು ದೀಪಗಳನ್ನು ಹಿಡಿದು ಹಾಡುತ್ತಾ ದೇವಾಲಯಕ್ಕೆ ಹೋಗುವ ಪದ್ಧತಿಯುಂಟು. ಒಂದು ವರುಷ ಲೆಂಟಿನ ದಿನಗಳಲ್ಲಿ ನಮ್ಮ ಗಾಯನಮೇಳದ ಒಬ್ಬ ಹುಡುಗಿಯು ವಿಷಮಶೀತಜ್ವರದಿಂದ ತೀರಿಹೋದಳು. ಹಬ್ಬವು ಸಮೀಪಿಸಿದಾಗ ಅವಳ ಗೆಳತಿಯರು ನಮ್ಮ ಬಳಿಗೆ ಬಂದು, ಈ ಸಾರಿ ಹಾಡುವುದು ಬೇಡವೆಂದು ಬಿನ್ನವಿಸಿದರು. ದುಃಖದಲ್ಲಿರುವವರು ಸಂತೋಷದ ಹಾಡನ್ನು ಹಾಡಿದರೆ ಅದು ಕಪಟವಾಗುವುದಿಲ್ಲವೇ ಎಂಬುದು ಅವರ ಪ್ರಶ್ನೆ. ನಾವು ಕೂಡಲೇ ಉತ್ತರ ಕೊಡಲಾರದೆ ಹೋದೆವು. ಆ ಸಂಜೆ ಅವರನ್ನು ಕುಳ್ಳಿರಿಸಿಕೊಂಡು, ಅವರು ಅಭ್ಯಾಸಮಾಡುತ್ತಿದ್ದ ಹಲ್ಲೆಲೂಯ ಗೀತೆಯನ್ನು ರಚಿಸಿದಾತನ ಜೀವನವೃತ್ತಾಂತವನ್ನು ಹೇಳಿದೆವು. ಅದನ್ನೇ ಇಲ್ಲಿ ನಮ್ಮ ಹಳೆಯ ಮತ್ತು ಹೊಸ ವಿದ್ಯಾರ್ಥಿನಿಯರಿಗಾಗಿ ಬರೆದಿಡುತ್ತೇವೆ.

ಜಾರ್ಜ್ ಫ್ರೆಡರಿಕ್ ಹ್ಯಾಂಡೆಲನು 1685ನೆಯ ಇಸವಿ ಫೆಬ್ರವರಿ 23ರಂದು ಜರ್ಮನಿಯ ಹಾಲೆ ಎಂಬ ಪಟ್ಟಣದಲ್ಲಿ ಹುಟ್ಟಿದನು. ಈ ಪಟ್ಟಣದ ಹೆಸರು ನಮ್ಮ ದೇಶದವರಿಗೆ ಅಪರಿಚಿತವಲ್ಲ. 1706ರಲ್ಲಿ ತರಂಗಂಬಾಡಿಗೆ ಬಂದಿಳಿದ ಝೀಗೆನ್‌ಬಾಲ್ಗನು ಅಲ್ಲಿಯೇ ವ್ಯಾಸಂಗಮಾಡಿದವನು. ಹ್ಯಾಂಡೆಲನ ತಾಯಿ ಲೂಥರನ ಸಭೆಯ ಬೋಧಕರೊಬ್ಬರ ಮಗಳು. ತಂದೆಯು ಕ್ಷೌರಿಕನೂ ಶಸ್ತ್ರವೈದ್ಯನೂ ಆಗಿದ್ದನು. ಆ ಕಾಲದಲ್ಲಿ ಈ ಎರಡು ಉದ್ಯೋಗಗಳೂ ಕೂಡಿಯೇ ಇರುತ್ತಿದ್ದವು. ಮಗನು ನ್ಯಾಯಶಾಸ್ತ್ರವನ್ನು ಓದಿ ದೊಡ್ಡವನಾಗಬೇಕೆಂಬುದು ತಂದೆಯ ಇಷ್ಟ. ಸಂಗೀತವು ಹೊಟ್ಟೆಗೆ ಹಿಟ್ಟು ಕೊಡುವ ವಿದ್ಯೆಯಲ್ಲವೆಂದು ತಿಳಿದು ಆತನು ಅದನ್ನು ನಿಷೇಧಿಸಿದನು. ಬಾಲಕನಾದರೋ ಮನೆಯ ಅಟ್ಟದಲ್ಲಿ ಮೆಲುದನಿಯ ವಾದ್ಯವೊಂದನ್ನು ಬಚ್ಚಿಟ್ಟುಕೊಂಡು, ಎಲ್ಲರೂ ನಿದ್ರಿಸುವಾಗ ನುಡಿಸುತ್ತಿದ್ದನೆಂದು ಹೇಳುವರು. ಒಮ್ಮೆ ವೈಸೆನ್‌ಫೆಲ್ಸಿನ ಪ್ರಭುವು ಈ ಚಿಕ್ಕವನು ಆರ್ಗನ್ ನುಡಿಸುವುದನ್ನು ಕೇಳಿ ಮೆಚ್ಚಿ, ಇಂಥ ವರವನ್ನು ಅಡಗಿಸಬಾರದೆಂದು ತಂದೆಗೆ ಬುದ್ಧಿ ಹೇಳಿದನು. ಅಂದಿನಿಂದ ಹುಡುಗನು ಝಾಖೋ ಎಂಬ ಗುರುವಿನಲ್ಲಿ ಕ್ರಮವಾಗಿ ಕಲಿತನು. 1697ರಲ್ಲಿ, ಹನ್ನೆರಡು ವರುಷ ತುಂಬುವುದಕ್ಕೆ ಕೆಲವೇ ದಿನಗಳಿರುವಾಗ, ಅವನು ತಂದೆಯನ್ನು ಕಳೆದುಕೊಂಡನು.

ಹದಿನೆಂಟನೆಯ ವಯಸ್ಸಿನಲ್ಲಿ ಹ್ಯಾಂಬರ್ಗಿಗೆ ಹೋಗಿ ನಾಟಕಶಾಲೆಯ ವಾದ್ಯಮೇಳದಲ್ಲಿ ಪಿಟೀಲು ನುಡಿಸಿ ಜೀವಿಸಿದ ಹ್ಯಾಂಡೆಲನು, 1706ರಲ್ಲಿ ಇಟಲಿಯ ಕಡೆಗೆ ಹೊರಟನು. ಆತನ ಮೊದಲನೆಯ ದೊಡ್ಡ ಈಸ್ಟರ್ ಹಬ್ಬವು ರೋಮಿನಲ್ಲಿ ಬಂದಿತು. 1708ನೆಯ ಏಪ್ರಿಲ್ 8ರ ಈಸ್ಟರ್ ಭಾನುವಾರ, ರುಸ್ಪೋಲಿ ಎಂಬ ಶ್ರೀಮಂತನ ಅರಮನೆಯಲ್ಲಿ ಆತನ ‘ಪುನರುತ್ಥಾನ’ ಎಂಬ ಗೀತಪ್ರಬಂಧವು ನಡೆಯಿತು. ಆಗ ಆತನಿಗೆ 23 ವರುಷ. ಪ್ರಸಿದ್ಧ ಪಿಟೀಲು ವಿದ್ವಾಂಸನಾದ ಕೊರೆಲ್ಲಿಯು ವಾದ್ಯಮೇಳವನ್ನು ನಡೆಸಿದನು. ದೇವದೂತನು ಪಾತಾಳದ ಬಾಗಿಲುಗಳು ತೆರೆಯಲಿ ಎಂದು ಆಜ್ಞಾಪಿಸುವುದೂ, ಮಗ್ದಲದ ಮರಿಯಳು ದುಃಖದಿಂದ ಹರ್ಷಕ್ಕೆ ಬರುವುದೂ ಅದರಲ್ಲಿ ಬಂದಿವೆ.

ಆ ದಿನ ಮರಿಯಳ ಪಾತ್ರವನ್ನು ಹಾಡಿದವಳು ಡುರಾಸ್ಟಾಂಟಿ ಎಂಬ ಗಾಯಕಿ. ಸ್ತ್ರೀಯರು ರೋಮಿನಲ್ಲಿ ಹೀಗೆ ಬಹಿರಂಗವಾಗಿ ಹಾಡುವುದು ನಿಷಿದ್ಧವಾಗಿತ್ತು. ಸುದ್ದಿಯು ಪೋಪರ ಕಿವಿಗೆ ಬಿದ್ದು, ರುಸ್ಪೋಲಿಗೆ ಛೀಮಾರಿಯಾಯಿತು. ಮರುದಿನ ಅದೇ ಪಾತ್ರವನ್ನು ಪುರುಷ ಗಾಯಕನೊಬ್ಬನು ಹಾಡಿದನು. ಸಮಾಧಿಯ ಬಳಿಗೆ ಮೊದಲು ಹೋದವರು ಸ್ತ್ರೀಯರೇ ಎಂದು ನಾಲ್ಕು ಸುವಾರ್ತೆಗಳೂ ಹೇಳುತ್ತವೆ. ಎದ್ದ ಕರ್ತನು ಅಳುತ್ತಿದ್ದ ಮರಿಯಳನ್ನೇ ಹೆಸರು ಹಿಡಿದು ಕರೆದು, ಶಿಷ್ಯರಿಗೆ ಹೇಳಬೇಕಾದ ಸಮಾಚಾರವನ್ನು ಅವಳ ಬಾಯಲ್ಲಿಯೇ ಇಟ್ಟನು. ಆದರೂ ಆ ಸಮಾಚಾರವನ್ನು ಒಬ್ಬ ಹೆಂಗಸು ಹಾಡಲು ಅಲ್ಲಿ ಸಮ್ಮತಿ ದೊರೆತದ್ದು ಒಂದೇ ದಿನ! ಹೆಣ್ಣುಮಕ್ಕಳು ಸಭೆಯಲ್ಲಿ ಸ್ವರವೆತ್ತಬಹುದೇ ಎಂದು ಸಂದೇಹಪಟ್ಟ ಹಿರಿಯರನ್ನು ನಾವೂ ಕಂಡಿದ್ದೇವೆ. ಆದುದರಿಂದ ಈ ಸಂಗತಿಯನ್ನು ಓದುವಾಗ ನಮಗೆ ರೋಮು ದೂರದ ಊರಾಗಿ ತೋರುವುದಿಲ್ಲ.

1710ರಲ್ಲಿ ಲಂಡನಿಗೆ ಬಂದ ಹ್ಯಾಂಡೆಲನು ಅಲ್ಲಿಯೇ ನೆಲೆಸಿ, 1727ರಲ್ಲಿ ಆ ರಾಜ್ಯದ ಪ್ರಜೆಯಾದನು. ಇಟಲಿಯ ಭಾಷೆಯ ಗೀತನಾಟಕಗಳಿಂದ ಬಹು ಕೀರ್ತಿಯನ್ನು ಪಡೆದನು. ಆದರೆ ಜನರ ಅಭಿರುಚಿಯು ಮಾರ್ಪಟ್ಟಿತು. ಎದುರಾಳಿ ಮಂಡಲಿಯೊಂದು ಎದ್ದಿತು. ನಷ್ಟದ ಮೇಲೆ ನಷ್ಟವಾಯಿತು. 1737ರಲ್ಲಿ ಪಾರ್ಶ್ವವಾಯು ಬಡಿದು ಆತನ ಬಲಗೈ ಸ್ವಾಧೀನ ತಪ್ಪಿತು. ನುಡಿಸಿ ಬರೆದು ಬದುಕುವವನಿಗೆ ಬಲಗೈ ಹೋದ ಮೇಲೆ ಉಳಿಯುವುದೇನು? ಆಖೆನ್ ಪಟ್ಟಣದ ಬಿಸಿನೀರಿನ ಬುಗ್ಗೆಗಳಲ್ಲಿ ಸ್ನಾನಮಾಡಿ ಆತನು ಜನರು ಆಶ್ಚರ್ಯಪಡುವಷ್ಟು ಬೇಗನೆ ಗುಣಹೊಂದಿದನು. ಕೈ ತಿರುಗಿ ಬಂದಿತು, ಭಾಗ್ಯವು ಬರಲಿಲ್ಲ. 1741ರಲ್ಲಿ ಆತನ ಕಡೆಯ ಗೀತನಾಟಕವು ಮೂರೇ ಪ್ರದರ್ಶನಗಳನ್ನು ಕಂಡು ನಿಂತುಹೋಯಿತು.

ಆ ಬೇಸಗೆಯಲ್ಲಿ ಚಾರ್ಲ್ಸ್ ಜೆನೆನ್ಸ್ ಎಂಬ ಮಿತ್ರನು ಸತ್ಯವೇದದ ವಾಕ್ಯಗಳನ್ನೇ ಆರಿಸಿ ಜೋಡಿಸಿ ಹ್ಯಾಂಡೆಲನ ಕೈಗೆ ಕೊಟ್ಟಿದ್ದನು. ಪ್ರವಾದಿಗಳ ನಿರೀಕ್ಷೆ, ಕರ್ತನ ಜನನ, ಶ್ರಮೆ, ಮರಣ, ಪುನರುತ್ಥಾನ, ಕಡೆಯ ದಿನದ ಜಯ, ಇವೆಲ್ಲವೂ ಅದರಲ್ಲಿ ಕ್ರಮವಾಗಿ ಅಡಗಿದ್ದವು. ಆಗಸ್ಟ್ 22ರಂದು ಪ್ರಾರಂಭಿಸಿ ಸೆಪ್ಟೆಂಬರ್ 14ರಂದು, ಅಂದರೆ 24 ದಿವಸಗಳಲ್ಲಿ, 56 ವರುಷದ ಆ ಮನುಷ್ಯನು ‘ಮೆಸ್ಸೀಯ’ವನ್ನು ಬರೆದು ಮುಗಿಸಿದನು. ವೇಷಗಳಿಲ್ಲದೆ, ಅಭಿನಯವಿಲ್ಲದೆ, ಕಂಠಗಳೂ ವಾದ್ಯಗಳೂ ಮಾತ್ರವೇ ಕೂಡಿ ಹೇಳುವ ಕಥೆಯಿದು. ಹಲ್ಲೆಲೂಯ ಗೀತೆಯು ಇದರ ಎರಡನೆಯ ಭಾಗದ ಕಡೆಯಲ್ಲಿ ಬರುತ್ತದೆ. ಮೂರನೆಯ ಭಾಗವು ಮೇಳದ ಘೋಷದಿಂದಲ್ಲ, ಒಂಟಿ ಕಂಠದಿಂದ ಮೊದಲಾಗುತ್ತದೆ. ಬೂದಿಯಲ್ಲಿ ಕುಳಿತ ಯೋಬನು ತನ್ನ ವಿಮೋಚಕನು ಬದುಕಿದ್ದಾನೆಂದು ತಿಳಿದಿದ್ದ ಆ ನಂಬಿಕೆಯನ್ನೂ, ಕ್ರಿಸ್ತನು ಸತ್ತವರೊಳಗಿಂದ ಎದ್ದದ್ದು ನಿದ್ರೆಹೋದವರೆಲ್ಲರ ಬೆಳೆಗೆ ಮೊದಲ ತೆನೆಯೆಂಬ ಪೌಲನ ಬೋಧನೆಯನ್ನೂ ಒಂದೇ ಗೀತದಲ್ಲಿ ಹೆಣೆದು, ಎತ್ತರದ ಸ್ವರದ ಕಂಠಕ್ಕೆ ಒಪ್ಪಿಸಿದ್ದಾನೆ. ಅದರಲ್ಲಿ ಆರ್ಭಟವಿಲ್ಲ; ಕಣ್ಣೀರನ್ನು ಒರಸಿಕೊಂಡು ಎದ್ದವರ ಸಮಾಧಾನವಿದೆ.

ಎರಡನೆಯ ಈಸ್ಟರಿನ ಮಾತು 1742ರದು. ಐರ್ಲೆಂಡಿನ ರಾಜಪ್ರತಿನಿಧಿಯ ಆಹ್ವಾನದಂತೆ ಹ್ಯಾಂಡೆಲನು ಡಬ್ಲಿನಿಗೆ ಹೋಗಿದ್ದನು. ಹಬ್ಬಕ್ಕೆ ಐದು ದಿನ ಮುಂಚೆ, ಏಪ್ರಿಲ್ 13ರ ಮಂಗಳವಾರ, ಫಿಶಾಂಬಲ್ ಬೀದಿಯ ಸಂಗೀತಶಾಲೆಯಲ್ಲಿ ‘ಮೆಸ್ಸೀಯ’ವು ಮೊದಲನೆಯ ಸಾರಿ ಹಾಡಲ್ಪಟ್ಟಿತು. ಹೆಚ್ಚು ಜನರಿಗೆ ಸ್ಥಳವಾಗಲೆಂದು, ಸ್ತ್ರೀಯರು ಬಳೆಕಟ್ಟಿನ ಅಗಲವಾದ ಲಂಗಗಳನ್ನುಡದೆಯೂ ಗಂಡಸರು ಕತ್ತಿಗಳನ್ನು ಧರಿಸದೆಯೂ ಬರಬೇಕೆಂದು ಪ್ರಕಟನೆಯಾಗಿತ್ತು. ಸುಮಾರು 700 ಮಂದಿ ಕಿಕ್ಕಿರಿದು ನೆರೆದರು.

ಆ ಸಭೆಯಲ್ಲಿ ಸುಸಾನಾ ಸಿಬ್ಬರ್ ಎಂಬವಳು ಹಾಡಿದಳು. ಅವಳ ಗೃಹಜೀವನದ ದುಃಖವು ಲಂಡನಿನ ನ್ಯಾಯಸ್ಥಾನದಲ್ಲಿ ಬಯಲಿಗೆ ಬಂದು, ಅವಳ ಹೆಸರು ಬೀದಿಬೀದಿಯಲ್ಲಿ ಹಾಸ್ಯಕ್ಕೆ ಈಡಾಗಿತ್ತು. ಅವಳು ಹಾಡಿದ್ದು, ಜನರಿಂದ ತಿರಸ್ಕಾರಹೊಂದಿದ ದುಃಖಿತನಾದ ಸೇವಕನನ್ನು ಕುರಿತು ಯೆಶಾಯನು ನುಡಿದ ಮಾತುಗಳನ್ನು. ಅವಳ ಕಂಠವು ದೊಡ್ಡದಲ್ಲ. ಆದರೆ ತಿರಸ್ಕಾರವೆಂದರೇನೆಂದು ಅವಳು ಬಲ್ಲವಳು. ಕೇಳುತ್ತಿದ್ದ ಸಭೆಯ ಬೋಧಕರೊಬ್ಬರು ಮನಕರಗಿ ಎದ್ದುನಿಂತು, ಈ ಹಾಡಿನ ದೆಸೆಯಿಂದ ಅವಳ ಪಾಪಗಳು ಕ್ಷಮಿಸಲ್ಪಡಲಿ ಎಂದು ಕೂಗಿದರೆಂಬ ಹೇಳಿಕೆಯುಂಟು. ರೋಮಿನಲ್ಲಿ ತಡೆಯಲ್ಪಟ್ಟ ಸ್ತ್ರೀಕಂಠವು ಡಬ್ಲಿನಿನಲ್ಲಿ, ಎಲ್ಲರಿಗಿಂತ ಹೆಚ್ಚು ಅವಮಾನಪಟ್ಟವಳ ಬಾಯಿಂದ ಕೇಳಿಬಂದಿತು.

ಆ ದಿನ ಕೂಡಿದ ಹಣವು ಸುಮಾರು 400 ಪೌನು. ಅದನ್ನು ಎರಡು ಆಸ್ಪತ್ರೆಗಳಿಗೂ ಸಾಲಕ್ಕಾಗಿ ಸೆರೆಯಲ್ಲಿದ್ದವರ ಬಿಡುಗಡೆಗೂ ಹಂಚಲಾಯಿತು. 142 ಮಂದಿ ಸಾಲಗಾರರು ಸೆರೆಮನೆಯಿಂದ ಹೊರಗೆ ಬಂದರೆಂದು ವರದಿಯಿದೆ. ಅವರಲ್ಲಿ ಒಬ್ಬನಾದರೂ ಆ ಸಂಗೀತವನ್ನು ಕೇಳಿರಲಾರನು. ಆದರೂ ಅದರ ಅರ್ಥವನ್ನು ಅವರಿಗಿಂತ ಚೆನ್ನಾಗಿ ತಿಳಿದವರಾರು? ಮುಚ್ಚಿದ ಬಾಗಿಲು ತೆರೆಯಿತು. ಒಳಗಿದ್ದವರು ಬೆಳಕಿಗೆ ಬಂದರು.

ಲಂಡನಿನಲ್ಲಿ ಮಾತ್ರ, ವೇದವಾಕ್ಯಗಳನ್ನು ನಾಟಕಶಾಲೆಯಲ್ಲಿ ಹಾಡಬಹುದೇ ಎಂದು 1743ರಲ್ಲಿ ಆಕ್ಷೇಪವೆದ್ದಿತು. ಕೃತಿಯು ಜನರ ಹೃದಯವನ್ನು ಗೆದ್ದದ್ದು, 1750ರಿಂದ ಅದನ್ನು ತಬ್ಬಲಿಗಳ ಆಶ್ರಮದ ದೇವಾಲಯದಲ್ಲಿ ಹಾಡತೊಡಗಿದ ಮೇಲೆ. ಥಾಮಸ್ ಕೋರಮ್ ಎಂಬ ವೃದ್ಧ ನಾವಿಕನು, ದಿಕ್ಕಿಲ್ಲದೆ ಬಿಟ್ಟುಹೋದ ಶಿಶುಗಳನ್ನು ಕಂಡು ಮರುಗಿ, 1739ರಲ್ಲಿ ಅರಸನ ಸನದನ್ನು ಪಡೆದು ಸ್ಥಾಪಿಸಿದ ಆಶ್ರಮವದು. ಹ್ಯಾಂಡೆಲನಿಗೆ ಹೆಂಡತಿಮಕ್ಕಳಿರಲಿಲ್ಲ. ಆತನು ಈ ಮಕ್ಕಳ ದೇವಾಲಯಕ್ಕೆ ಆರ್ಗನನ್ನು ಕೊಟ್ಟನು, ‘ಮೆಸ್ಸೀಯ’ದಿಂದ ಬಂದ ಸಾವಿರಾರು ಪೌನುಗಳನ್ನು ಅವರಿಗೇ ಸಲ್ಲಿಸಿದನು, ಆ ಕೃತಿಯ ಪ್ರತಿಯೊಂದನ್ನು ಮರಣಶಾಸನದ ಮೂಲಕ ಅವರಿಗೇ ಬಿಟ್ಟನು.

1751ರಲ್ಲಿ ‘ಯೆಫ್ತಾಹ’ನ ಕಥೆಯನ್ನು ಬರೆಯುತ್ತಿರುವಾಗ ಆತನ ಎಡಗಣ್ಣು ಮಂಜಾಗಿ ಲೇಖನಿಯು ನಿಂತಿತು. ಶಸ್ತ್ರವೈದ್ಯರು ಪ್ರಯತ್ನಿಸಿದರೂ ಪ್ರಯೋಜನವಾಗದೆ, ಕ್ರಮೇಣ ಎರಡು ಕಣ್ಣುಗಳೂ ಹೋದವು. ಅನಂತರವೂ ಇತರರು ಕೈಹಿಡಿದು ಆರ್ಗನಿನ ಬಳಿಗೆ ತಂದು ಕುಳ್ಳಿರಿಸಿದರೆ, ಆತನು ಜ್ಞಾಪಕದಿಂದಲೂ ಕಲ್ಪನೆಯಿಂದಲೂ ನುಡಿಸುತ್ತಿದ್ದನು.

ಇನ್ನು ಮೂರನೆಯ ಈಸ್ಟರ್. 1759ನೆಯ ಏಪ್ರಿಲ್ 6ರಂದು ಹ್ಯಾಂಡೆಲನು ‘ಮೆಸ್ಸೀಯ’ವನ್ನು ಕಡೆಯ ಸಾರಿ ಕೇಳಿದನು, ಅನಂತರ ಹಾಸಿಗೆಯನ್ನು ಹಿಡಿದನು. ಶುಭ ಶುಕ್ರವಾರದಲ್ಲಿ ಪ್ರಾಣಬಿಟ್ಟು, ತನ್ನ ಕರ್ತನನ್ನು ಆತನ ಪುನರುತ್ಥಾನದ ದಿನದಲ್ಲಿ ಸಂಧಿಸಬೇಕೆಂದು ಆಪ್ತರೊಡನೆ ಹೇಳಿಕೊಂಡಿದ್ದನಂತೆ. ಆ ಶುಕ್ರವಾರವು ಕಳೆಯಿತು. ಮರುದಿನ, ಏಪ್ರಿಲ್ 14ರ ಶನಿವಾರ ಬೆಳಿಗ್ಗೆ, ತೀರಿಕೊಂಡನು. ಶಿಷ್ಯರು ಸುಮ್ಮನೆ ಕುಳಿತು ಅತ್ತ ದಿನವದು, ಬೆಳಗಾದರೆ ಹಬ್ಬ. ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಆತನನ್ನು ಹೂಣಿಡುವಾಗ ಸುಮಾರು 3000 ಜನರು ನೆರೆದಿದ್ದರು. 1762ರಲ್ಲಿ ಅಲ್ಲಿ ನಿಲ್ಲಿಸಿದ, ರೂಬಿಯಾಕನು ಕೆತ್ತಿದ ಶಿಲಾಪ್ರತಿಮೆಯ ಮುಂದೆ ಒಂದು ಸಂಗೀತದ ಹಾಳೆಯು ತೆರೆದಿದೆ. ಅದರಲ್ಲಿರುವುದು ಹಲ್ಲೆಲೂಯವಲ್ಲ, ವಿಮೋಚಕನು ಬದುಕಿದ್ದಾನೆಂಬ ಆ ಒಂಟಿ ಕಂಠದ ಗೀತ.

ಇಷ್ಟನ್ನು ಹೇಳಿ ನಾವು ಸುಮ್ಮನಾದೆವು. ಹುಡುಗಿಯರೂ ಬಹಳ ಹೊತ್ತು ಮಾತಾಡಲಿಲ್ಲ. ಪುನರುತ್ಥಾನದ ಹಾಡು ದುಃಖವನ್ನರಿಯದವರ ಹಾಡಲ್ಲ. ಅದನ್ನು ಬರೆದವನು ಸೋತು ನೊಂದವನು, ಹಾಡಿದವಳು ಮಾನಕಳೆದುಕೊಂಡವಳು, ಅದರಿಂದ ಫಲಹೊಂದಿದವರು ಸೆರೆಯವರೂ ತಬ್ಬಲಿಗಳೂ, ಮತ್ತು ಆ ಸಮಾಚಾರವನ್ನು ಮೊದಲು ಕೇಳಿದವಳು ಸಮಾಧಿಯ ಮುಂದೆ ಅಳುತ್ತಾ ನಿಂತವಳು. ಅಳುವವರು ಹಾಡಿದರೆ ಕಪಟವಾಗದು; ಅವರಿಗಾಗಿಯೇ ಆ ಹಾಡು ಬಂದಿದೆ.

ಆ ವರುಷ ಮುಂಜಾವದಲ್ಲಿ ಹುಡುಗಿಯರು ಎಂದಿನಂತೆ ದೀಪ ಹಿಡಿದು ಹೊರಟರು. ತೀರಿಹೋದವಳ ದೀಪವನ್ನು ಅವಳ ತಂಗಿಯು ಹಿಡಿದಿದ್ದಳು. ಕೆಲವರ ಸ್ವರಗಳು ನಡುಗಿದವು, ಒಂದೆರಡು ಕಡೆ ಹಾಡು ತಡವರಿಸಿತು, ಆದರೂ ನಿಲ್ಲಲಿಲ್ಲ. ದೇವಾಲಯದ ಬಾಗಿಲನ್ನು ತಲಪುವ ಹೊತ್ತಿಗೆ ಬೆಳಕು ಹರಿದಿತ್ತು. ಪ್ರಿಯ ವಿದ್ಯಾರ್ಥಿನಿಯರೇ, ನೀವು ಎಲ್ಲಿದ್ದರೂ, ಯಾವ ಸ್ಥಿತಿಯಲ್ಲಿದ್ದರೂ, ಆ ಹಾಡು ನಿಮ್ಮ ಬಾಯಲ್ಲಿ ಇರಲೆಂದು ನಾವು ದೇವರನ್ನು ಬೇಡಿಕೊಳ್ಳುತ್ತೇವೆ.