ಬೂದಿಗುಡ್ಡ ರಾಕ್ಷಸರ ಚಿತೆಯೇ? ಮಸ್ಕಿ ಸೀಮೆಯ ನೆಲ ಓದಿದ ಬ್ರೂಸ್ ಫೂಟ್ ಕಥೆ

ರಾಯಚೂರು, ಬಳ್ಳಾರಿ ಕಡೆಯ ಬೂದಿಗುಡ್ಡಗಳ ಫೋಟೋ ಹಾಕಿ, ಇಲ್ಲಿ ರಾಕ್ಷಸರನ್ನು ಸುಟ್ಟಿದ್ದು ಎಂದೋ, ಇದು ಹಳೆಯ ಜ್ವಾಲಾಮುಖಿ ಎಂದೋ ಬರೆದ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಹಂಪಿ ಹತ್ತಿರದ ನಿಂಬಾಪುರದಲ್ಲಿ ಇಂಥದ್ದೊಂದು ದಿಬ್ಬವನ್ನು ವಾಲಿಯ ಚಿತೆಯ ಬೂದಿ ಎಂದು ಜನ ಈಗಲೂ ತೋರಿಸುತ್ತಾರೆ. ಕಥೆಯಾಗಿ ಚೆನ್ನಾಗಿಯೇ ಇದೆ. ಆದರೆ ಆ ಬೂದಿ ಯಾವುದರದು ಎಂಬುದಕ್ಕೆ ನೂರು ವರ್ಷಕ್ಕೂ ಹಿಂದೆಯೇ ಒಬ್ಬರು ಸರಿಯಾದ ಉತ್ತರ ಕೊಟ್ಟಿದ್ದರು. ಅವರ ಹೆಸರು ರಾಬರ್ಟ್ ಬ್ರೂಸ್ ಫೂಟ್.

ಫೂಟ್ ಹುಟ್ಟಿದ್ದು 1834ರಲ್ಲಿ, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಸೇರಿ ದಕ್ಷಿಣ ಭಾರತಕ್ಕೆ ಬಂದರು. ಊರೂರು ತಿರುಗಿ ಕಲ್ಲು ನೋಡುವುದು, ಒಂದೊಂದು ಜಾತಿಯ ಕಲ್ಲಿಗೆ ಒಂದೊಂದು ಬಣ್ಣ ಕೊಟ್ಟು ನಕ್ಷೆ ತುಂಬುವುದು ಕೆಲಸ. ಸಾವಿರಾರು ಕಡೆ ಕಂಡ ಮಾಹಿತಿಯನ್ನು ಒಂದೇ ಚಿತ್ರದಲ್ಲಿ ಕಾಣುವಂತೆ ಮಾಡುವ ಈ ವಿದ್ಯೆಗೆ ಈಗ ಡೇಟಾ ವಿಶುವಲೈಸೇಶನ್ ಎನ್ನುತ್ತೇವೆ. ಫೂಟ್ ಕಾಲದಲ್ಲಿ ಅದಕ್ಕೆ ಬೇಕಿದ್ದದ್ದು ಸುತ್ತಿಗೆ, ಬಣ್ಣದ ಪೆಟ್ಟಿಗೆ ಮತ್ತು ಗಟ್ಟಿ ಕಾಲು.

1863ರ ಮೇ 30ರಂದು ಮದ್ರಾಸ್ ಬಳಿಯ ಪಲ್ಲಾವರಂನ ಜಲ್ಲಿಗುಂಡಿಯೊಂದರಲ್ಲಿ ಅವರಿಗೆ ಮನುಷ್ಯ ಕೈಯಾರೆ ಕೆತ್ತಿದ ಕಲ್ಲು ಸಿಕ್ಕಿತು. ಭಾರತದಲ್ಲಿ ಹಳೆ ಶಿಲಾಯುಗದ ಆಯುಧವೆಂದು ಗುರುತಾದ ಮೊದಲ ಕಲ್ಲುಗಳಲ್ಲಿ ಅದೇ ಹೆಸರಾದದ್ದು. ಅದೇ ವರ್ಷ ಅತ್ತಿರಂಪಾಕ್ಕಂನಲ್ಲೂ ಆಯುಧಗಳು ಸಿಕ್ಕವು. ಅಲ್ಲಿನ ಕೆಲವು ಸುಮಾರು 15 ಲಕ್ಷ ವರ್ಷ ಹಳೆಯವು ಎಂದು 2011ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಫೂಟ್ ತಮ್ಮ ಲೇಖನವನ್ನು 1866ರಲ್ಲಿ ಅಚ್ಚು ಹಾಕಿಸಿದ್ದರು.

ನಮ್ಮ ಸೀಮೆಗೆ ಬರೋಣ. 1870ರಲ್ಲಿ ಫೂಟ್ ಮಸ್ಕಿಗೆ ಬಂದಿದ್ದರು, ಮುಂದೆ ಇನ್ನೊಮ್ಮೆಯೂ ಬಂದರು. ಮಸ್ಕಿಯ ಹಳೆ ನೆಲೆಯನ್ನು ಮೊದಲು ಗುರುತಿಸಿದವರು ಅವರೇ. ಅಶೋಕನ ಹೆಸರಿರುವ ಶಾಸನ ಮಾತ್ರ ಅವರ ಪಾಲಿಗೆ ಬರಲಿಲ್ಲ. ಅದು ಸಿಕ್ಕಿದ್ದು 1915ರಲ್ಲಿ, ಬೀಡನ್ ಎಂಬ ಗಣಿ ಎಂಜಿನಿಯರ್‌ಗೆ. ಆ ಹೊತ್ತಿಗೆ ಫೂಟ್ ತೀರಿಕೊಂಡು ಎರಡು ವರ್ಷ ಕಳೆದಿತ್ತು.

ಗಣಿ ಎಂಜಿನಿಯರ್‌ಗೆ ಮಸ್ಕಿಯಲ್ಲಿ ಏನು ಕೆಲಸ? ಚಿನ್ನ. ಇಲ್ಲೂ ಫೂಟ್ ಲೆಕ್ಕಕ್ಕೆ ಬರುತ್ತಾರೆ. ದಕ್ಷಿಣದ ಗ್ರಾನೈಟ್ ಜಾತಿಯ ಕಲ್ಲಿನ ನಡುವೆ ಕಪ್ಪು-ಹಸಿರು ಪದರುಗಲ್ಲಿನ ಉದ್ದುದ್ದ ಪಟ್ಟಿಗಳಿವೆ. ಅವೆಲ್ಲ ಒಂದೇ ಕುಟುಂಬದವು, ಚಿನ್ನ ಹೆಚ್ಚಾಗಿ ಸಿಗುವುದು ಇವುಗಳಲ್ಲೇ ಎಂದು ನಕ್ಷೆ ಇಟ್ಟು ವಾದಿಸಿದವರು ಅವರು. ಆ ಕುಟುಂಬಕ್ಕೆ ಧಾರವಾಡದ ಹೆಸರಿಟ್ಟು 1888-89ರಲ್ಲಿ ಲೇಖನ ಬರೆದರು. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿ ಇಂಥದ್ದೇ ಪಟ್ಟಿಯಲ್ಲಿದೆ. ಅದರ ಹೆಸರೇ ಹಟ್ಟಿ-ಮಸ್ಕಿ ಪಟ್ಟಿ. ಸಿಂಧನೂರಿನ ಕಡೆ ಹೋದಂತೆ ಮತ್ತೆ ಗ್ರಾನೈಟ್ ಜಾತಿಯ ಕಲ್ಲು, ಅದರ ಮೇಲೆ ಎರೆಮಣ್ಣು. ಇವತ್ತು ಭೂಮಿಯ ಬಾಲ್ಯದ ಬಗ್ಗೆ ಯಾವ ದೇಶದವರು ಬರೆದರೂ ಧಾರವಾಡದ ಹೆಸರು ಬರುತ್ತದೆ. ಒಬ್ಬ ಸಂಶೋಧಕನ ಪ್ರಭಾವ ಅಳೆಯಲು ಇದಕ್ಕಿಂತ ಬೇರೆ ಅಳತೆಗೋಲು ಬೇಕೆಂದು ನಮಗನ್ನಿಸುವುದಿಲ್ಲ.

ಇನ್ನು ಬೂದಿ. ದಿಬ್ಬಗಳಲ್ಲಿ ಗಾಜಿನಂತೆ ಕರಗಿ ಗಟ್ಟಿಯಾದ ಹೆಂಟೆಗಳಿರುತ್ತವೆ. ಜ್ವಾಲಾಮುಖಿ, ಕಬ್ಬಿಣದ ಕುಲುಮೆ ಎಂಬ ಊಹೆ ಹುಟ್ಟಿದ್ದು ಅವನ್ನು ನೋಡಿಯೇ. ಫೂಟ್ ಹೇಳಿದ್ದು ಸುಟ್ಟ ಸಗಣಿ ಎಂದು. ಹುಲ್ಲಿನಲ್ಲಿ ಸಿಲಿಕಾ ಇರುತ್ತದೆ, ಅದು ಸಗಣಿಗೂ ಬರುತ್ತದೆ. ರಾಶಿಗಟ್ಟಲೆ ಸಗಣಿ ಜೋರಾಗಿ ಉರಿದರೆ ಸಿಲಿಕಾ ಕರಗಿ ಗಾಜಿನಂತಾಗುತ್ತದೆ. ಇವು ಹೊಸ ಶಿಲಾಯುಗದ ದನಗಾಹಿಗಳ ದೊಡ್ಡಿಗಳಾಗಿದ್ದವು ಎಂಬ ಅವರ ಮಾತನ್ನು ಎಲ್ಲರೂ ಒಪ್ಪಲಿಲ್ಲ. 1957ರಲ್ಲಿ ಆಲ್ಚಿನ್ ಎಂಬ ಪುರಾತತ್ವಜ್ಞ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ಬೇಲಿಗೂಟದ ಕುಳಿಗಳ ಸಾಲು, ಬೂದಿಯಲ್ಲಿ ದನದ ಗೊರಸಿನ ಗುರುತು ಸಿಕ್ಕವು. ಅದಕ್ಕೂ ಮೊದಲು ಅವರು ಮುದಗಲ್ ಬಳಿಯ ಪಿಕ್ಲಿಹಾಳದಲ್ಲಿ ಅಗೆದಿದ್ದರು. ಸಗಣಿಗೆ ಬೆಂಕಿ ಯಾಕೆ ಹಾಕುತ್ತಿದ್ದರು, ಪೂಜೆಗೋ ರೋಗಕ್ಕೆ ಹೆದರಿಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಫೂಟ್ ಹೇಳಿದ್ದೆಲ್ಲ ಉಳಿದಿಲ್ಲ. ಹಳೆ ಶಿಲಾಯುಗದವರು ಅಳಿದ ಮೇಲೆ ಬಹುಕಾಲ ಇಲ್ಲಿ ಮನುಷ್ಯರೇ ಇರಲಿಲ್ಲ ಎಂದು ಅವರು ನಂಬಿದ್ದರು. ನಡುವಿನ ಕಾಲದ ಆಯುಧಗಳು ಸಿಗುತ್ತಾ ಹೋದಂತೆ ಆ ಮಾತು ಬಿದ್ದುಹೋಯಿತು.

ಸಂಗ್ರಹಿಸಿದ ಕಲ್ಲುಗಳನ್ನು 1904ರಲ್ಲಿ ಮದ್ರಾಸ್ ಮ್ಯೂಸಿಯಂಗೆ ಕೊಟ್ಟರು. ಯಾವ ಕಲ್ಲು ಎಲ್ಲಿ ಸಿಕ್ಕಿತು ಎಂಬ ಪಟ್ಟಿ, ಅವುಗಳ ಕಾಲ ಮತ್ತು ಹರಡಿಕೆಯ ವಿವರಣೆ ಪುಸ್ತಕಗಳಾಗಿ ಬಂದದ್ದು 1914 ಮತ್ತು 1916ರಲ್ಲಿ. 1912ರಲ್ಲೇ ತೀರಿಕೊಂಡ ಫೂಟ್ ಅವನ್ನು ನೋಡಲಿಲ್ಲ. ಎಷ್ಟೋ ಬೂದಿಗುಡ್ಡಗಳನ್ನು ಜನ ಗೊಬ್ಬರಕ್ಕೆಂದು ಹೊಲಕ್ಕೆ ಹೊತ್ತು ಕರಗಿಸಿದ್ದಾರೆ. ಆ ಕಾಲದಲ್ಲಿ ಯಾವ ಊರ ಮಗ್ಗುಲಲ್ಲಿ ಏನಿತ್ತು ಎಂದು ತಿಳಿಯಲು ಸಂಶೋಧಕರು ಈಗಲೂ ಆ ಪುಸ್ತಕಗಳನ್ನು ತೆರೆಯುತ್ತಾರೆ.