ನೀರೇ ತೆರೆಯುವ ಬಾಗಿಲು

ಸಪ್ಟೆಂಬರ್ 15ರ ಇಂಜಿನಿಯರುಗಳ ದಿನದಂದು ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಮಾತನಾಡುವುದು ಸಾಮಾನ್ಯವಾಗಿ ಸೈನ್ಸ್ ವಿಭಾಗದವರು. ಈ ಸಲ ಕಾಮರ್ಸ್‌ನವನಾದ ನಾನು ಬರೆಯುತ್ತಿದ್ದೇನೆ. ಅವರ ಜೀವನವನ್ನು ಓದುವಾಗ ನನಗೆ ಕಂಡದ್ದು ಕಲ್ಲು, ಗಾರೆ, ಕಬ್ಬಿಣಕ್ಕಿಂತ ಹೆಚ್ಚಾಗಿ ಒಂದು ಲೆಕ್ಕ. ಇರುವ ಕಟ್ಟಡದಿಂದ, ಇರುವ ಯಂತ್ರದಿಂದ ಇನ್ನೂ ಎಷ್ಟು ಕೆಲಸ ತೆಗೆಯಬಹುದು ಎಂಬ ಲೆಕ್ಕ.

ಅವರು ಹುಟ್ಟಿದ್ದು 1861ರಲ್ಲಿ, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ., ಪುಣೆಯಲ್ಲಿ ಇಂಜಿನಿಯರಿಂಗ್, 1884ರಲ್ಲಿ ಬೊಂಬಾಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ. ಇಷ್ಟು ನಮ್ಮ ಪಾಠಪುಸ್ತಕದಲ್ಲೂ ಇದೆ. ಪಾಠದಲ್ಲಿ ಒಂದೇ ಸಾಲಿನಲ್ಲಿ ಮುಗಿದು ಹೋಗುವ ವಿಷಯವೆಂದರೆ ಖಡಕ್‌ವಾಸ್ಲಾದ ಸ್ವಯಂಚಾಲಿತ ಗೇಟು. ನನಗೆ ಹೆಚ್ಚು ಹಿಡಿಸಿದ್ದು ಅದೇ.

ಅದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಊರಿನವರಿಗೆ ಕಷ್ಟವಿಲ್ಲ. ಪೊಳಲಿಯ ಪಕ್ಕ ಹರಿಯುವ ಫಲ್ಗುಣಿಯಂಥ ಹೊಳೆಗಳಿಗೂ ಅವುಗಳಿಗೆ ಸೇರುವ ತೋಡುಗಳಿಗೂ ನಮ್ಮ ಜಿಲ್ಲೆಯಲ್ಲಿ ಕಿಂಡಿ ಅಣೆಕಟ್ಟು ಕಟ್ಟುತ್ತಾರೆ. ಮಳೆಗಾಲ ಮುಗಿದ ಮೇಲೆ ಕಿಂಡಿಗಳಿಗೆ ಹಲಗೆ ಹಾಕಬೇಕು, ಮಳೆಗಾಲಕ್ಕೆ ಮೊದಲು ತೆಗೆಯಬೇಕು. ಬೇಗ ತೆಗೆದರೆ ಬೇಸಗೆಯಲ್ಲಿ ಅಡಿಕೆ ತೋಟಕ್ಕೆ ನೀರಿಲ್ಲ. ತೆಗೆಯಲು ತಡವಾಗಿ ದೊಡ್ಡ ಮಳೆ ಬಂತೋ, ಮರದ ದಿಮ್ಮಿ, ಕಸ ಎಲ್ಲ ಬಂದು ಕಿಂಡಿಗೆ ಸಿಕ್ಕಿ ನೀರು ಪಕ್ಕದ ಗದ್ದೆ ತೋಟಕ್ಕೆ ನುಗ್ಗುತ್ತದೆ. ಎಲ್ಲವೂ ಮನುಷ್ಯ ಸರಿಯಾದ ಹೊತ್ತಿಗೆ ಅಲ್ಲಿ ಇರುವುದರ ಮೇಲೆ ನಿಂತಿದೆ.

ಪುಣೆಗೆ ನೀರು ಕೊಡುವ ಖಡಕ್‌ವಾಸ್ಲಾ ಕೆರೆಯಲ್ಲೂ ಇದೇ ಸಮಸ್ಯೆ, ಆದರೆ ಬಹಳ ದೊಡ್ಡದು. ಕೋಡಿಯ ಮಟ್ಟಕ್ಕಿಂತ ಮೇಲೆ ಬಂದ ನೀರೆಲ್ಲ ಹರಿದು ಪೋಲಾಗುತ್ತಿತ್ತು. ಕೋಡಿಯ ಮೇಲೆ ಗೇಟು ನಿಲ್ಲಿಸಿದರೆ ಆ ನೀರನ್ನೂ ಹಿಡಿಯಬಹುದು. ಆದರೆ ರಾತ್ರಿ ಪ್ರವಾಹ ಬಂದು ಗೇಟು ತೆರೆಯುವುದು ತಡವಾದರೆ ಅಣೆಕಟ್ಟಿಗೇ ಅಪಾಯ. ವಿಶ್ವೇಶ್ವರಯ್ಯನವರು ಆ ಕೆಲಸವನ್ನು ಕಾವಲುಗಾರನಿಂದ ತೆಗೆದು ನೀರಿಗೇ ಒಪ್ಪಿಸಿದರು. ಸರಳವಾಗಿ ಹೇಳುವುದಾದರೆ, ಗೇಟನ್ನು ತಕ್ಕಡಿಯಂತೆ ಭಾರಕ್ಕೆ ಭಾರ ಕಟ್ಟಿ ತೂಗಿಸುವುದು. ಕೆರೆ ನಿಗದಿತ ಮಟ್ಟ ದಾಟಿದ ಕೂಡಲೇ ನೀರು ಪಕ್ಕದ ಬಾವಿಯಂಥ ತೊಟ್ಟಿಗೆ ನುಗ್ಗುತ್ತದೆ, ಅಲ್ಲಿನ ಭಾರವನ್ನು ಮೇಲಕ್ಕೆತ್ತುತ್ತದೆ, ತಕ್ಕಡಿ ವಾಲಿ ಗೇಟು ತೆರೆಯುತ್ತದೆ. ಮಟ್ಟ ಇಳಿದು ತೊಟ್ಟಿ ಖಾಲಿಯಾದರೆ ಗೇಟು ಮುಚ್ಚುತ್ತದೆ. 1903ರ ಹೊತ್ತಿಗೆ ಇದು ಕೆಲಸಕ್ಕೆ ಬಂತು. ಅಣೆಕಟ್ಟಿನ ಗೋಡೆಯನ್ನು ಒಂದಿಷ್ಟೂ ಎತ್ತರಿಸದೆ ಕೆರೆ ಮೊದಲಿಗಿಂತ ಹೆಚ್ಚು ನೀರು ಹಿಡಿಯತೊಡಗಿತು. ಈ ಗೇಟಿಗೆ ಅವರು ಪೇಟೆಂಟ್ ಪಡೆದರು, ಆದರೆ ತಾನು ಸರಕಾರಿ ನೌಕರನೆಂದು ರಾಯಲ್ಟಿ ತೆಗೆದುಕೊಳ್ಳಲಿಲ್ಲ. (ನಮ್ಮ ಕ್ಲಾಸಿನಲ್ಲಿ ಇದನ್ನು ಹೇಳಿದರೆ ಅರ್ಧದಷ್ಟು ಜನ ನಷ್ಟ ಎಂದಾರು.)

ಈಗ ದೊಡ್ಡ ಯಂತ್ರಗಳನ್ನು ತಯಾರಿಸುವವರು ರಿಯಲ್ ಟೈಮ್ ಸಿಮ್ಯುಲೇಶನ್ ಎಂಬುದನ್ನು ಬಳಸುತ್ತಾರೆ. ನಮ್ಮಲ್ಲಿ ಗುಡ್ಡ ಅಗೆಯುವ ಹಿಟಾಚಿಯನ್ನೇ ತೆಗೆದುಕೊಳ್ಳಿ. ಅದರ ಗಣಿತದ ಪ್ರತಿರೂಪವನ್ನು ಕಂಪ್ಯೂಟರಿನೊಳಗೆ ಕಟ್ಟುತ್ತಾರೆ. ಬಕೆಟಿನಲ್ಲಿ ಭಾರ ಎಷ್ಟು, ಎಣ್ಣೆಯ ಒತ್ತಡ ಎಷ್ಟು, ಇಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂಬ ಲೆಕ್ಕ ನಿಜವಾದ ಯಂತ್ರ ಓಡುವಷ್ಟೇ ವೇಗದಲ್ಲಿ ನಡೆಯುತ್ತದೆ. ಡೀಸೆಲ್ ಎಲ್ಲಿ ಸುಮ್ಮನೆ ಉರಿಯುತ್ತಿದೆ ಎಂದು ಗುಡ್ಡಕ್ಕೆ ಕೈ ಹಾಕುವ ಮೊದಲೇ ಗೊತ್ತಾಗುತ್ತದೆ. ವಿಶ್ವೇಶ್ವರಯ್ಯನವರ ಗೇಟಿಗೆ ಮುಂದೆ ಏನಾಗಬಹುದೆಂದು ಊಹಿಸುವ ಶಕ್ತಿ ಇರಲಿಲ್ಲ, ಆ ಕ್ಷಣದ ನೀರಿನ ಮಟ್ಟ ಮಾತ್ರ ಅದಕ್ಕೆ ಗೊತ್ತು. ಆದರೆ ಯಂತ್ರ ತನ್ನ ಸ್ಥಿತಿಯನ್ನು ಕ್ಷಣಕ್ಷಣವೂ ತಾನೇ ತಿಳಿದುಕೊಂಡು ನಡೆಯಬೇಕೆಂಬ ಯೋಚನೆ ಎರಡರಲ್ಲೂ ಒಂದೇ. ಅದೇ ಖಡಕ್‌ವಾಸ್ಲಾದಲ್ಲಿ ಇಂದು ಕೇಂದ್ರ ಸರಕಾರದ ಜಲ ಸಂಶೋಧನಾ ಕೇಂದ್ರವಿದೆ. ಹೊಳೆ, ಬಂದರು, ಅಣೆಕಟ್ಟುಗಳ ಸಣ್ಣ ಮಾದರಿ ಕಟ್ಟಿ, ನೀರು ಹರಿಸಿ ನೋಡಿ, ನಂತರ ದೊಡ್ಡದನ್ನು ಕಟ್ಟಲು ಹೇಳುತ್ತಾರೆ.

1908ರಲ್ಲಿ ಅವರು ಸ್ವಂತ ಇಚ್ಛೆಯಿಂದ ಬೊಂಬಾಯಿ ನೌಕರಿ ಬಿಟ್ಟರು. ಅದೇ ವರ್ಷ ಸಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ನಮ್ಮ ಮನೆಮಾತು ಉರ್ದು. ಉರ್ದುವಿನಲ್ಲಿ ಆ ನೆರೆಗೆ ತುಗ್ಯಾನಿ ಎಂದೇ ಹೆಸರು. ಕವಿ ಅಮ್ಜದ್ ಹೈದರಾಬಾದಿ ತಾಯಿ, ಹೆಂಡತಿ, ಮಗಳನ್ನು ಕಳೆದುಕೊಂಡದ್ದು ಅದರಲ್ಲೇ. ನಿಜಾಮರ ಸರಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರು ನದಿಯ ದಂಡೆಗೆ ಗೋಡೆ ಕಟ್ಟಿ ಎಂದು ಹೇಳಿ ಸುಮ್ಮನಾಗಲಿಲ್ಲ. ಊರಿನ ಮೇಲ್ಗಡೆ ಜಲಾಶಯ ಕಟ್ಟಿ ಪ್ರವಾಹವನ್ನು ಅಲ್ಲೇ ತಡೆಯಲು ಸಲಹೆ ಕೊಟ್ಟರು. ಆಮೇಲೆ ಆದದ್ದೇ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ. ಮುಳುಗಿಸಿದ ನೀರೇ ಕುಡಿಯುವ ನೀರಾಯಿತು.

1909ರಲ್ಲಿ ಅವರು ಮೈಸೂರಿನ ಮುಖ್ಯ ಇಂಜಿನಿಯರ್ ಆದರು. ಶಿವನಸಮುದ್ರದ ವಿದ್ಯುತ್ 1902ರಿಂದಲೇ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳ ಯಂತ್ರಗಳನ್ನು ಓಡಿಸುತ್ತಿತ್ತು. ಆದರೆ ಬೇಸಗೆಯಲ್ಲಿ ಕಾವೇರಿ ಬತ್ತಿದರೆ ವಿದ್ಯುತ್ ಕಡಿಮೆಯಾಗುತ್ತಿತ್ತು. ಲಕ್ಷಾಂತರ ರೂಪಾಯಿಯ ಯಂತ್ರ ಇದ್ದೂ ಪೂರ್ತಿ ಕೆಲಸವಿಲ್ಲ. ಕನ್ನಂಬಾಡಿ ಅಣೆಕಟ್ಟಿನ ಯೋಜನೆಯಲ್ಲಿ ರೈತರ ಗದ್ದೆಯ ಜೊತೆಗೆ ಈ ಲೆಕ್ಕವೂ ಇತ್ತು. 1911ರಲ್ಲಿ ಮೊದಲ ಹಂತಕ್ಕೆ 81 ಲಕ್ಷ ರೂಪಾಯಿ ಮಂಜೂರಾಯಿತು. ಮದ್ರಾಸಿನವರ ತಕರಾರಿನಿಂದ ಬ್ರಿಟಿಷರು 80 ಅಡಿಗೆ ಮಾತ್ರ ಒಪ್ಪಿದಾಗ, ಅವರು 130 ಅಡಿ ಎತ್ತರಕ್ಕೆ ಬೇಕಾದಷ್ಟು ಅಗಲದ ಅಡಿಪಾಯವನ್ನೇ ಹಾಕಿಸಿದರು. ಮುಂದೆ ಒಪ್ಪಿಗೆ ಸಿಗದಿದ್ದರೆ ಆ ಹಣವೆಲ್ಲ ಮಣ್ಣುಪಾಲು. ಇಂಥ ಧೈರ್ಯಕ್ಕೆ ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿ ಕಾಲಂ ಇಲ್ಲ. ಒಪ್ಪಿಗೆ ಸಿಕ್ಕಿತು. ಖಡಕ್‌ವಾಸ್ಲಾದ ಗೇಟಿನ ಕ್ರಮವನ್ನು ಅಲ್ಲೂ ಅಳವಡಿಸಿದರು. ಅಣೆಕಟ್ಟು ಮುಗಿಯುವಾಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್.

1912ರಿಂದ 1918ರವರೆಗೆ ಸ್ವತಃ ವಿಶ್ವೇಶ್ವರಯ್ಯನವರು ದಿವಾನರು. 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, ಮರುವರ್ಷ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು. (ಬ್ಯಾಂಕಿನ ವಿಷಯದಲ್ಲಿ ನಮ್ಮ ಕರಾವಳಿ ಮುಂದಿತ್ತು. ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ 1906ರಲ್ಲೇ ಶುರು ಮಾಡಿದ್ದರು.)

ಅವರು ದಿವಾನಗಿರಿ ಬಿಟ್ಟ ಕಾರಣವನ್ನು ಇಂಜಿನಿಯರುಗಳ ದಿನದ ಭಾಷಣಗಳಲ್ಲಿ ನಾನು ಕೇಳಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಸರಕಾರಿ ನೌಕರಿಯಲ್ಲಿ ಬ್ರಾಹ್ಮಣರೇ ತುಂಬಿದ್ದರು. ಮುಸ್ಲಿಮರೂ ಸೇರಿ ಹಿಂದುಳಿದ ಸಮುದಾಯಗಳಿಗೆ ಜಾಗ ಕೊಡುವುದು ಹೇಗೆಂದು ನೋಡುವುದು ಸಮಿತಿಯ ಕೆಲಸ. ವಿಶ್ವೇಶ್ವರಯ್ಯನವರು ಇದನ್ನು ಒಪ್ಪಲಿಲ್ಲ. ಅರ್ಹತೆ ಬಿಟ್ಟು ಜಾತಿ ನೋಡಿದರೆ ಆಡಳಿತದ ದಕ್ಷತೆ ಕುಸಿಯುತ್ತದೆ ಎಂಬುದು ಅವರ ಭಯ. ಆ ವರ್ಷದ ಕೊನೆಗೆ ಹುದ್ದೆ ಬಿಟ್ಟು ಹೊರಟರು. ಅವರ ಮೇಲೆ ನನಗೆ ಬಹಳ ಗೌರವವಿದೆ, ಆದರೂ ಇಲ್ಲಿ ಅವರ ಲೆಕ್ಕ ತಪ್ಪಿತೆಂದೇ ನನ್ನ ಅಭಿಪ್ರಾಯ. ಕೋಡಿಯ ಮೇಲೆ ಹರಿದು ಹೋಗುತ್ತಿದ್ದ ನೀರು ಪೋಲೆಂದು ಅವರಿಗೆ ಕಂಡಿತು. ಶಾಲೆಯ ಮೆಟ್ಟಿಲನ್ನೇ ಹತ್ತದೆ ಉಳಿದ ಮಕ್ಕಳೂ ಹಾಗೆಯೇ ಪೋಲಾದವರಲ್ಲವೇ? ಮಿಲ್ಲರ್ ಸಮಿತಿಯ ವರದಿ 1919ರಲ್ಲಿ ಬಂತು. ಮೀಸಲಾತಿ, ವಿದ್ಯಾರ್ಥಿವೇತನ ಎಂದು ಇವತ್ತು ನಮ್ಮಲ್ಲಿ ಅನೇಕರು ತುಂಬುವ ಅರ್ಜಿಗಳ ಬೇರು ಅಲ್ಲಿಯವರೆಗೆ ಹೋಗುತ್ತದೆ.

ಹುದ್ದೆ ಬಿಟ್ಟರೂ ಕೆಲಸ ಬಿಡಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿ ನಷ್ಟದಲ್ಲಿದ್ದಾಗ ಅದರ ಅಧ್ಯಕ್ಷರಾಗಿ ಬಂದು, ಖರ್ಚು ಇಳಿಸಿ ಎತ್ತಿ ನಿಲ್ಲಿಸಿದರು. ಆ ಕೆಲಸಕ್ಕಾಗಿ ತನಗೆ ಬರಬೇಕಾಗಿದ್ದ ಸಂಭಾವನೆಯನ್ನು ಕೈಗೆ ತೆಗೆದುಕೊಳ್ಳದೆ, ಹುಡುಗರಿಗೆ ಕೈಕಸುಬು ಕಲಿಸುವ ಸಂಸ್ಥೆಗೆ ಕೊಟ್ಟರು. ಅದು 1943ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ತನ್ನ ಹೆಸರಿಡಲು ಬಿಡದೆ ಮಹಾರಾಜರ ಹೆಸರಿಡಿಸಿದರು. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ವರ್ಷ ತುಂಬಿದ ಮೇಲೆ ತೀರಿಕೊಂಡರು. ಆ ಸಂಸ್ಥೆ ಈಗ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್. ಎಲ್ಲ ಸಮುದಾಯದ ಹುಡುಗ ಹುಡುಗಿಯರು ಅಲ್ಲಿ ಯಂತ್ರ ಬಿಚ್ಚಿ ಜೋಡಿಸುವುದನ್ನು ಕಲಿಯುತ್ತಿದ್ದಾರೆ.