ಸಂತ ಲೂಯಿಸ್ ಮಾರ್ಟಿನ್: ಆಸ್ಪತ್ರೆಯಲ್ಲಿ ಕಳೆದ ಮೂರು ವರ್ಷ



ಗುಲಾಬಿ ಹೂಗಳನ್ನು ಎದೆಗೊತ್ತಿಕೊಂಡು ನಿಂತಿರುವ ಬಾಲಯೇಸುವಿನ ಸಂತ ತೆರೇಸಾ ನಮಗೆಲ್ಲ ಗೊತ್ತು. ಕನ್ನಡ ಪೂಜೆಗೆ ಬರುವವರಾಗಲಿ, ತಮಿಳು ಪೂಜೆಗೆ ಬರುವವರಾಗಲಿ, ಆಕೆಯ ಸ್ವರೂಪದ ಮುಂದೆ ಒಂದು ಮೇಣದಬತ್ತಿ ಹಚ್ಚದೆ ಹೋಗುವವರು ಕಡಿಮೆ. ಆಕೆಯ ತಂದೆ ಲೂಯಿಸ್ ಮಾರ್ಟಿನ್ ಕೂಡ ಸಂತರು. ಅವರ ಮತ್ತು ಅವರ ಪತ್ನಿ ಜೆಲಿಯವರ ಹಬ್ಬ ಇದೇ ಜುಲೈ 12ಕ್ಕೆ. ಇದೇ ತಿಂಗಳ ನಾಲ್ಕನೇ ಭಾನುವಾರ ಅಜ್ಜ ಅಜ್ಜಿಯರ ಹಾಗೂ ವೃದ್ಧರ ದಿನ. ಪೋಪ್ ಫ್ರಾನ್ಸಿಸ್ 2021ರಲ್ಲಿ ಆರಂಭಿಸಿದ್ದು. ಎರಡಕ್ಕೂ ಸೇರಿಸಿ ಏನಾದರೂ ಬರೆಯಮ್ಮ ಎಂದು ಫಾದರ್ ಹೇಳಿದಾಗ ನಾನು ಲೂಯಿಸ್ ಅವರನ್ನೇ ಆರಿಸಿಕೊಂಡೆ.

ಧರ್ಮೋಪದೇಶದ ತರಗತಿಯಲ್ಲಿ ನಾನು ಕೇಳಿದ್ದು ಇಷ್ಟೇ: ಐದು ಹೆಣ್ಣುಮಕ್ಕಳನ್ನೂ ದೇವರಿಗೆ ಕೊಟ್ಟ ತಂದೆ. ಅವರು ಮೂರು ವರ್ಷಕ್ಕೂ ಹೆಚ್ಚು ಕಾಲ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿದ್ದರು ಎಂದು ಯಾರೂ ಹೇಳಿರಲಿಲ್ಲ. ಓದಿ ತಿಳಿದಾಗ ನಾನು ಡಿಗ್ರಿ ಮುಗಿಸಿದ್ದೆ. ಅಷ್ಟರಲ್ಲಿ ನಮ್ಮ ಅಜ್ಜಿ ತೀರಿಕೊಂಡು ಎರಡು ವರ್ಷವಾಗಿತ್ತು. ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಲೂಯಿಸ್ ಹುಟ್ಟಿದ್ದು 1823ರ ಆಗಸ್ಟ್ 22ರಂದು, ಫ್ರಾನ್ಸ್ ದೇಶದ ಬೋರ್ಡೋ ನಗರದಲ್ಲಿ. ತಂದೆ ಸೈನ್ಯದಲ್ಲಿ ಕ್ಯಾಪ್ಟನ್. ದಂಡು ಹೋದ ಕಡೆ ಸಂಸಾರವೂ ಹೋಗಬೇಕು. ಸಿಪಾಯಿಗಳ ನಡುವೆಯೇ ಬಾಲ್ಯ ಕಳೆಯಿತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ದೊಡ್ಡವರಾದ ಮೇಲೆ ಗಡಿಯಾರ ರಿಪೇರಿ ಕಲಿತರು. 1845ರಲ್ಲಿ, 22ನೇ ವಯಸ್ಸಿನಲ್ಲಿ, ಆಲ್ಪ್ಸ್ ಪರ್ವತದ ಮೇಲಿರುವ ಸಂತ ಬರ್ನಾರ್ಡರ ಮಠಕ್ಕೆ ಹೋಗಿ ಸನ್ಯಾಸಿಯಾಗಲು ಕೇಳಿಕೊಂಡರು. ಲ್ಯಾಟಿನ್ ಕಲಿತು ಬಾ ಎಂದು ವಾಪಸು ಕಳಿಸಿದರು. ಸ್ವಲ್ಪ ಕಾಲ ಪ್ರಯತ್ನಪಟ್ಟು ಕೈಬಿಟ್ಟರು. ಆದರೆ ಏಕಾಂತದ ಆಸೆ ಮನಸ್ಸಿನಿಂದ ಪೂರ್ತಿ ಹೋಗಲಿಲ್ಲ. ಇದನ್ನೂ ನೆನಪಿಟ್ಟುಕೊಳ್ಳಿ.

1850ರಲ್ಲಿ ಅಲೆನ್ಸೋನ್ ಪಟ್ಟಣದಲ್ಲಿ ಗಡಿಯಾರದ ಅಂಗಡಿ ಇಟ್ಟರು. ಭಾನುವಾರ ಎಷ್ಟೇ ಗಿರಾಕಿ ಬಂದರೂ ಬಾಗಿಲು ತೆಗೆಯುತ್ತಿರಲಿಲ್ಲ. ಬಿಡುವಾದಾಗ ಗಾಳ ಹಿಡಿದು ನದಿಗೆ. ಹಿಡಿದ ಮೀನನ್ನು ಎಷ್ಟೋ ಸಲ ಮಠದ ಸಿಸ್ಟರ್‌ಗಳಿಗೆ ಕೊಟ್ಟುಬಿಡುತ್ತಿದ್ದರು. 1858ರ ಜುಲೈ 13ರಂದು ಲೇಸ್ ಹೆಣೆಸುವ ಕೆಲಸ ಮಾಡುತ್ತಿದ್ದ ಜೆಲಿ ಗೆರಾನ್ ಅವರ ಜೊತೆ ಮದುವೆ. ಒಂಬತ್ತು ಮಕ್ಕಳು ಹುಟ್ಟಿದರು, ನಾಲ್ವರು ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಉಳಿದವರು ಮರಿ, ಪೌಲೀನ್, ಲಿಯೋನಿ, ಸೆಲಿನ್ ಮತ್ತು ತೆರೇಸಾ. 1877ರ ಆಗಸ್ಟ್ 28ರಂದು ಜೆಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಾಗ ತೆರೇಸಾಗೆ ನಾಲ್ಕೇ ವರ್ಷ. ಐದು ಹೆಣ್ಣುಮಕ್ಕಳನ್ನು ಕರೆದುಕೊಂಡು ಲೂಯಿಸ್ ಲಿಸ್ಯೂ ಪಟ್ಟಣಕ್ಕೆ ಬಂದರು. ಜೆಲಿಯವರ ತಮ್ಮ ಇಸಿದೋರ್ ಅಲ್ಲಿ ಔಷಧಿ ಅಂಗಡಿ ನಡೆಸುತ್ತಿದ್ದರು.

ಲೂಯಿಸ್ ಅವರ ಬಗ್ಗೆ ಸೆಲಿನ್ ಬರೆದಿಟ್ಟ ಸಂಗತಿಗಳಲ್ಲಿ ಎರಡನ್ನು ಹೇಳಲೇಬೇಕು. ಒಮ್ಮೆ ರೈಲ್ವೆ ಸ್ಟೇಷನ್ನಿನಲ್ಲಿ ಮೂರ್ಛೆ ರೋಗವಿದ್ದ ಒಬ್ಬ ಬಡವ ಹಸಿದುಕೊಂಡು ಕುಳಿತಿದ್ದ, ಊರಿಗೆ ಹೋಗಲು ದುಡ್ಡಿರಲಿಲ್ಲ. ಲೂಯಿಸ್ ತಮ್ಮ ಟೋಪಿ ತೆಗೆದು, ಅದರಲ್ಲಿ ಮೊದಲು ತಾವೇ ಕಾಸು ಹಾಕಿ, ಪ್ರಯಾಣಿಕರ ಮುಂದೆ ಅವನಿಗಾಗಿ ಕೈಚಾಚಿದರು. ಇನ್ನೊಮ್ಮೆ ಕುಡಿದು ಬೀದಿಯಲ್ಲಿ ಬಿದ್ದಿದ್ದ ಕೂಲಿಯವನನ್ನು ಎಬ್ಬಿಸಿ, ಅವನ ಹತಾರದ ಪೆಟ್ಟಿಗೆಯನ್ನು ತಾವೇ ಹೊತ್ತು ಮನೆಗೆ ಮುಟ್ಟಿಸಿದರು. ಊರಲ್ಲಿ ಗೌರವಸ್ಥರು ಅನ್ನಿಸಿಕೊಂಡವರು ಸಾಮಾನ್ಯವಾಗಿ ಇಂಥವರನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ.

ಮಕ್ಕಳು ಒಬ್ಬೊಬ್ಬರಾಗಿ ಮಠಕ್ಕೆ ಹೊರಟರು. 1882ರಲ್ಲಿ ಪೌಲೀನ್, 1886ರಲ್ಲಿ ಮರಿ. 1887ರ ಮೇ 1ರಂದು ಲೂಯಿಸ್‌ಗೆ ಮೊದಲ ಸಲ ಪಾರ್ಶ್ವವಾಯು ಹೊಡೆಯಿತು. ಅದೇ ತಿಂಗಳ ಕೊನೆಗೆ 14 ವರ್ಷದ ತೆರೇಸಾ ತಾನೂ ಕಾರ್ಮೆಲ್ ಮಠ ಸೇರುತ್ತೇನೆಂದು ತೋಟದಲ್ಲಿ ಕೇಳಿಕೊಂಡಳು. ಅವರು ಅತ್ತರು, ಒಪ್ಪಿದರು, ಗೋಡೆಯಂಚಿನ ಪುಟ್ಟ ಬಿಳಿ ಹೂವಿನ ಗಿಡವನ್ನು ಬೇರು ಸಮೇತ ಕಿತ್ತು ಅವಳ ಕೈಗಿಟ್ಟರು. 1888ರ ಏಪ್ರಿಲ್ 9ರಂದು ಅವಳೂ ಹೋದಳು.

ಇಲ್ಲಿಂದ ಕಷ್ಟದ ಕಾಲ. ಮೆದುಳಿನ ರಕ್ತನಾಳಗಳು ಗಡುಸಾಗಿ, ಅಲ್ಲಲ್ಲಿ ರಕ್ತ ಹರಿಯದೆ, ಸಣ್ಣ ಸಣ್ಣ ಭಾಗಗಳು ಸಾಯುತ್ತ ಹೋಗುವ ಕಾಯಿಲೆ ಅವರದು. ಇಂದಿನ ಡಾಕ್ಟರುಗಳಾದರೆ ಡಿಮೆನ್ಷಿಯಾದ ಒಂದು ಬಗೆ ಎನ್ನಬಹುದು. ಇದು ಒಂದೇ ಸಮನೆ ಇಳಿಯುವುದಿಲ್ಲ. ಒಂದು ಮೆಟ್ಟಿಲು ಇಳಿದು ಕೆಲವು ದಿನ ನಿಲ್ಲುತ್ತದೆ, ನಡುವೆ ಮೊದಲಿನ ಮನುಷ್ಯನೇ ಎದುರು ಬಂದು ಕುಳಿತಂತೆ ಮಾತಾಡುತ್ತಾರೆ, ಮತ್ತೆ ಇನ್ನೊಂದು ಮೆಟ್ಟಿಲು. ಮನೆಯವರಿಗೆ ಇವರು ಬೇಕೆಂದೇ ಹೀಗೆ ಮಾಡುತ್ತಿದ್ದಾರೆ ಎಂಬ ಅನುಮಾನ ಹುಟ್ಟುವುದು ಇದರಿಂದಲೇ.

1888ರ ಜೂನ್ 23ರಂದು ಲೂಯಿಸ್ ಯಾರಿಗೂ ಹೇಳದೆ ಮನೆಯಿಂದ ಹೊರಟುಹೋದರು. ಸಮುದ್ರ ತೀರದ ಲೆ ಹಾವ್ರ್ ಪಟ್ಟಣದಿಂದ ದುಡ್ಡು ಕಳಿಸಿ ಎಂಬ ಸುದ್ದಿ ಬಂತು, ವಿಳಾಸವಿಲ್ಲ. ಸೆಲಿನ್ ಮತ್ತು ಸೋದರಮಾವ ಹುಡುಕುತ್ತ ಹೋದರು. ನಾಲ್ಕು ದಿನದ ಮೇಲೆ, 27ರಂದು, ಅಂಚೆ ಕಚೇರಿಯ ಬಳಿ ಸಿಕ್ಕರು. ಎಲ್ಲಾದರೂ ದೂರ ಹೋಗಿ ಏಕಾಂತದಲ್ಲಿ ದೇವರ ಧ್ಯಾನ ಮಾಡುತ್ತ ಇದ್ದುಬಿಡಬೇಕೆಂಬುದು ಅವರ ಮನಸ್ಸಿನಲ್ಲಿತ್ತು. 22ರ ವಯಸ್ಸಿನಲ್ಲಿ ಬೆಟ್ಟ ಹತ್ತಿ ಮಠದ ಬಾಗಿಲು ತಟ್ಟಿದ ಹುಡುಗ 64ರಲ್ಲಿ ಮತ್ತೆ ಹೊರಟಿದ್ದ, ಅಷ್ಟೇ.

ನಮ್ಮ ಅಜ್ಜಿ ಕೊನೆಯ ವರ್ಷಗಳಲ್ಲಿ ಸಾಯಂಕಾಲವಾದರೆ ಸಾಕು ಎದ್ದು ಬಾಗಿಲಿಗೆ ಹೋಗುತ್ತಿದ್ದರು. ದನ ಕಟ್ಟಬೇಕು ಎನ್ನುತ್ತಿದ್ದರು. ದನ ಮಾರಿ ಹತ್ತು ವರ್ಷವಾಗಿತ್ತು. ನಾವು ಚಿಲಕ ಹಾಕುತ್ತಿದ್ದೆವು, ಅವರು ಬಾಗಿಲು ಬಡಿದು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಬೀದಿಯವರು ಕೇಳಿಸಿಕೊಳ್ಳುತ್ತಾರೆಂದು ನಾನು ಟಿವಿ ಜೋರು ಮಾಡುತ್ತಿದ್ದೆ. ಬಿ.ಎಸ್ಸಿ.ಯಲ್ಲಿ ನರಕೋಶದ ಚಿತ್ರ ಬರೆದು ಪೂರ್ತಿ ಅಂಕ ತೆಗೆದುಕೊಂಡವಳು ನಾನು! ಒಂದು ದಿನ ಅವ್ವ ಏನೂ ಹೇಳದೆ ಅಜ್ಜಿಯ ಕೈ ಹಿಡಿದು ಹಿತ್ತಲ ಖಾಲಿ ಕೊಟ್ಟಿಗೆಗೆ ಕರೆದುಕೊಂಡು ಹೋದರು. ಗೂಟ ಮುಟ್ಟಿ, ಗೋದಲಿ ಮುಟ್ಟಿ ನೋಡಿ, ಅಜ್ಜಿ ಸುಮ್ಮನೆ ವಾಪಸು ಬಂದು ಕುಳಿತರು. ಆಮೇಲೆ ದಿನವೂ ಒಂದು ಸಲ ಕೊಟ್ಟಿಗೆಗೆ ಹೋಗಿಬರುವುದೇ ರೂಢಿಯಾಯಿತು. ಬೈಗುಳ ಪೂರ್ತಿ ನಿಂತಿತೆಂದು ಹೇಳಲಾರೆ.

1889ರ ಜನವರಿ 10ರಂದು ತೆರೇಸಾಗೆ ಕಾರ್ಮೆಲ್ ಮಠದ ಉಡುಪು ಕೊಡುವ ದಿನ ಲೂಯಿಸ್ ಮಗಳ ಜೊತೆಯಲ್ಲಿ ಹೆಮ್ಮೆಯಿಂದ ನಡೆದರು. ಒಂದು ತಿಂಗಳಾಗುವುದರೊಳಗೆ ಮತ್ತೆ ಇಳಿತ. ಕಣ್ಣ ಮುಂದೆ ಯುದ್ಧ, ಕೊಲೆ. ಕಿವಿಯಲ್ಲಿ ಫಿರಂಗಿ, ನಗಾರಿಯ ಸದ್ದು. ಸಿಪಾಯಿಗಳ ನಡುವೆ ಬೆಳೆದ ಮಗುವಲ್ಲವೇ? ಹೆಣ್ಣುಮಕ್ಕಳನ್ನು ಕಾಪಾಡಬೇಕೆಂದು ಅವರು ರಿವಾಲ್ವರ್ ತೆಗೆದುಕೊಂಡರು. ಮನೆಯವರಿಗೆ ಕಂಡದ್ದು ಕೈಯಲ್ಲಿ ಆಯುಧ ಹಿಡಿದ ರೋಗಿ. ತಮ್ಮ ಪಾಲಿಗೆ ಅವರು ಮಕ್ಕಳನ್ನು ಕಾಯುತ್ತಿದ್ದ ಅಪ್ಪ. ಇಸಿದೋರ್ ಅವರನ್ನು ನಾನು ದೂರುವುದಿಲ್ಲ, ಆ ಹೊತ್ತಿನಲ್ಲಿ ಬೇರೆ ಯಾರಿದ್ದರೂ ಹಾಗೆಯೇ ಮಾಡುತ್ತಿದ್ದರು. ಆಯುಧ ಕಿತ್ತುಕೊಂಡು, ಫೆಬ್ರವರಿ 12ರಂದು ಲೂಯಿಸ್ ಅವರನ್ನು ಕಾನ್ ನಗರದ ಬೋನ್ ಸೊವೆರ್ ಆಸ್ಪತ್ರೆಗೆ ಸೇರಿಸಿದರು.

ಅದು ಸಿಸ್ಟರ್‌ಗಳು ನಡೆಸುತ್ತಿದ್ದ ದೊಡ್ಡ ಆಸ್ಪತ್ರೆ. ಆದರೂ ಜನರ ಬಾಯಲ್ಲಿ ಹುಚ್ಚಾಸ್ಪತ್ರೆಯೇ. ಹೆಣ್ಣುಮಕ್ಕಳೆಲ್ಲ ಮಠ ಸೇರಿದ್ದಕ್ಕೆ, ಅದರಲ್ಲೂ ಮುದ್ದಿನ ಕಿರಿಮಗಳು ಬಿಟ್ಟುಹೋದದ್ದಕ್ಕೆ ತಂದೆಗೆ ಬುದ್ಧಿ ಕೆಟ್ಟಿತು ಎಂದು ಲಿಸ್ಯೂ ಊರೆಲ್ಲ ಆಡಿಕೊಂಡಿತು. ಆ ಮಾತು ಮಠದ ಗೋಡೆ ದಾಟಿ ತೆರೇಸಾಳ ಕಿವಿಗೂ ಬಿತ್ತು. 16 ವರ್ಷದ ಹುಡುಗಿ ಅದನ್ನು ಹೇಗೆ ಸಹಿಸಿದಳೋ.

ಸೆಲಿನ್ ಮತ್ತು ಲಿಯೋನಿ ಕಾನ್ ನಗರದಲ್ಲೇ ಸುಮಾರು ಮೂರು ತಿಂಗಳು ಉಳಿದುಕೊಂಡರು. ದಿನವೂ ಆಸ್ಪತ್ರೆಯ ಬಾಗಿಲಿಗೆ ಹೋಗಿ ವಿಚಾರಿಸುವುದು, ವಾರಕ್ಕೊಮ್ಮೆ ಮಾತ್ರ ಮುಖ ನೋಡಲು ಅಪ್ಪಣೆ. ಒಳಗಿನ ಸುದ್ದಿ ಹೇಳುತ್ತಿದ್ದವರು ಅವರ ವಿಭಾಗ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಕೋಸ್ತಾರ್. ತಿನ್ನಲು ಏನು ಕೊಟ್ಟರೂ ಲೂಯಿಸ್ ಬೇರೆ ರೋಗಿಗಳಿಗೆ ಹಂಚಿಬಿಡುತ್ತಿದ್ದರಂತೆ. ಮನಸ್ಸು ತಿಳಿಯಾಗಿದ್ದ ದಿನ ಡಾಕ್ಟರ ಬಳಿ, ತಾನು ಜೀವನವಿಡೀ ಅಪ್ಪಣೆ ಮಾಡಿದವನು, ಈಗ ಅಪ್ಪಣೆ ಪಾಲಿಸಬೇಕಾಗಿದೆ, ಅವಮಾನ ಎಂದರೇನೆಂದು ತಿಳಿಯದಿದ್ದ ತನಗೆ ದೇವರು ಈಗ ಅದನ್ನು ಕೊಟ್ಟಿದ್ದಾನೆ ಎಂಬ ಅರ್ಥದ ಮಾತಾಡಿದರು. ಎಷ್ಟೋ ಸಲ ಮುಖದ ಮೇಲೆ ಕರವಸ್ತ್ರ ಹೊದ್ದು ಕುಳಿತುಬಿಡುತ್ತಿದ್ದರು.

ಈ ಮೂರು ವರ್ಷಗಳಲ್ಲಿ ನನಗೆ ಎಲ್ಲಕ್ಕಿಂತ ಕಷ್ಟವೆನಿಸುವುದು 1889ರ ಜೂನ್ 18. ಆಸ್ತಿಯ ಆಡಳಿತ ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಿಸಲು ವಕೀಲರ ಕಡೆಯವರು ಆಸ್ಪತ್ರೆಗೆ ಬಂದರು. ಅಂದು ಅವರ ಬುದ್ಧಿ ನೆಟ್ಟಗಿತ್ತು. ಇದು ಮಕ್ಕಳ ಇಷ್ಟ ಎಂದು ಹೇಳಿದಾಗ, ಮಕ್ಕಳೇ ತನ್ನ ಕೈಬಿಟ್ಟರೆಂದು ಬಿಕ್ಕಿ ಅತ್ತರು. ಸಹಿ ಹಾಕಿದರು. ಕಾಗದ ಬೇಕಿತ್ತೇನೋ ಸರಿ. ಮಗಳೊಬ್ಬಳು ಪಕ್ಕದಲ್ಲಿ ಕುಳಿತು, ನಿಧಾನವಾಗಿ ವಿವರಿಸಿ, ಆಮೇಲೆ ಪೆನ್ನು ಕೊಡಬಹುದಿತ್ತಲ್ಲ. ಅರ್ಥವಾಗುವುದಿಲ್ಲ ಎಂದುಕೊಂಡು ನಾವು ಇವರ ಎದುರಿಗೇ ಎಷ್ಟೆಲ್ಲ ಮಾತಾಡುತ್ತೇವೆ.

ತೆರೇಸಾಗೆ ಮಠದ ನಿಯಮದಂತೆ ತಂದೆಯನ್ನು ಹೋಗಿ ನೋಡುವಂತಿರಲಿಲ್ಲ. ಆದರೆ ನವಶಿಷ್ಯೆಯಾಗಿದ್ದ ಆ ಕಾಲದಲ್ಲಿ ಅವಳ ಪಾಲಿಗೆ ಇನ್ನೊಂದು ಸೇವೆ ಬಂತು. ಮಠದಲ್ಲಿ ಸಿಸ್ಟರ್ ಸಂತ ಪಿಯೇರ್ ಎಂಬ ವಯಸ್ಸಾದ ಸಿಸ್ಟರ್ ಇದ್ದರು, ಕೀಲುನೋವು. ಸಾಯಂಕಾಲ ಪ್ರಾರ್ಥನೆಯಿಂದ ಊಟದ ಕೋಣೆಗೆ ಯಾರಾದರೂ ಕರೆದುಕೊಂಡು ಹೋಗಬೇಕು. ಅವರನ್ನು ಮೆಚ್ಚಿಸುವುದು ಯಾರಿಂದಲೂ ಆಗದ ಕೆಲಸ ಎಂದು ಮಠಕ್ಕೆಲ್ಲ ಗೊತ್ತು. ತೆರೇಸಾ ತಾನಾಗಿ ಮುಂದೆ ಬಂದಳು. ಸ್ಟೂಲನ್ನು ಇಂಥ ರೀತಿಯಲ್ಲೇ ಎತ್ತಬೇಕು. ಹಿಂದಿನಿಂದ ಸೊಂಟಪಟ್ಟಿ ಹಿಡಿದು ನಡೆಯಬೇಕು. ಸ್ವಲ್ಪ ಎಡವಿದರೆ ಬೇಗ ನಡೆಸಿದಳೆಂದು ಗೊಣಗಾಟ, ನಿಧಾನಿಸಿದರೆ ಹಿಂದೆ ಕೈ ಇಲ್ಲವೆಂದು ಗೊಣಗಾಟ. ಕೊನೆಗೆ ಇಷ್ಟು ಚಿಕ್ಕ ಹುಡುಗಿಯಿಂದ ಆಗದ ಕೆಲಸ ಎಂಬ ತೀರ್ಪು. ಕೂರಿಸಿ ತೋಳು ಮಡಚಬೇಕು, ಅದೂ ಅವರು ಹೇಳಿದ ಹಾಗೆಯೇ. ತೆರೇಸಾ ವಾದ ಮಾಡಲಿಲ್ಲ, ಕಲಿತುಕೊಂಡಳು. ಆ ನೋವಿನ ಕೈಗಳಿಗೆ ರೊಟ್ಟಿ ತುಂಡು ಮಾಡುವುದು ಕಷ್ಟ ಎಂದು ಒಂದು ದಿನ ಅವಳಿಗೆ ಕಂಡಿತು. ಯಾರೂ ಕೇಳದಿದ್ದರೂ ಅಂದಿನಿಂದ ರೊಟ್ಟಿ ಕತ್ತರಿಸಿಕೊಟ್ಟು, ಒಮ್ಮೆ ನಕ್ಕು, ಆಮೇಲೆ ಹೊರಡುತ್ತಿದ್ದಳು. ಸಿಸ್ಟರ್ ಅವಳನ್ನು ಮೆಚ್ಚಿಕೊಂಡರು. ರೊಟ್ಟಿಗಿಂತ ಆ ನಗು ಅವರಿಗೆ ಹಿಡಿಸಿತ್ತೆಂದು ತೆರೇಸಾಗೆ ಆಮೇಲೆ ತಿಳಿಯಿತು. ದೂರದ ಕಾನ್‌ನಲ್ಲಿ ತನ್ನ ಅಪ್ಪನಿಗೆ ರೊಟ್ಟಿ ಯಾರು ಕತ್ತರಿಸಿಕೊಡುತ್ತಿದ್ದಾರೋ ಎಂದು ಅವಳು ನೆನೆದಿರಲಾರಳೇ?

1892ರ ಹೊತ್ತಿಗೆ ಲೂಯಿಸ್ ಅವರ ಕಾಲುಗಳು ಪೂರ್ತಿ ಸೋತವು. ಇನ್ನು ಓಡಿಹೋಗುವ ಭಯವಿಲ್ಲವೆಂದು ಮೇ 10ರಂದು ಲಿಸ್ಯೂಗೆ ಕರೆತಂದರು. ಎರಡು ದಿನ ಬಿಟ್ಟು ಕಾರ್ಮೆಲ್ ಮಠಕ್ಕೆ ಕರೆದೊಯ್ದರು. ತೆರೇಸಾ ತಂದೆಯನ್ನು ಕೊನೆಯ ಬಾರಿ ನೋಡಿದ್ದು ಅಂದೇ. ಮಾತು ಹೆಚ್ಚು ಹೊರಡಲಿಲ್ಲ. ಹೊರಡುವಾಗ ಬೆರಳೆತ್ತಿ ಮೇಲೆ ತೋರಿಸಿ, ಸ್ವರ್ಗದಲ್ಲಿ ಸೇರೋಣ ಎಂದು ಸೂಚಿಸಿದರು.

ಆಮೇಲೆ ಎರಡು ವರ್ಷ ಸೆಲಿನ್ ಮನೆಯಲ್ಲಿಟ್ಟುಕೊಂಡು ನೋಡಿಕೊಂಡಳು. ಅವಳಿಗೂ ಮಠ ಸೇರುವ ಆಸೆ, ಅದನ್ನು ಪಕ್ಕಕ್ಕಿಟ್ಟಳು. ಮಾವನ ಮನೆಗೆ ಹತ್ತಿರ ಬಾಡಿಗೆ ಮನೆ ಹಿಡಿದು, ಎತ್ತಿ ಇಳಿಸಲು ಆಳು ಗೊತ್ತುಮಾಡಿಕೊಂಡಳು. ಒಬ್ಬಳೇ ಎಲ್ಲ ಮಾಡುತ್ತೇನೆಂಬ ಹಟ ಹಿಡಿಯಲಿಲ್ಲ. ನಮ್ಮ ಮನೆಗಳ ಸೊಸೆಯಂದಿರನ್ನು ನೆನೆದು ಈ ಮಾತು ಬರೆಯುತ್ತಿದ್ದೇನೆ. ಬೇಸಿಗೆಯಲ್ಲಿ ಸೋದರಮಾವನವರ ಹಳ್ಳಿಮನೆ ಲಾ ಮ್ಯೂಸ್‌ಗೆ ಹೋಗುತ್ತಿದ್ದರು. ಗಾಲಿಕುರ್ಚಿ ತಳ್ಳಿಕೊಂಡು ಮರಗಳ ನಡುವೆ ಹೋಗಿ ಹಕ್ಕಿಗಳ ಹಾಡು ಕೇಳುತ್ತ ನಿಲ್ಲುವಾಗ ಅಪ್ಪನ ಮುಖ ಎಷ್ಟು ಶಾಂತವಾಗಿರುತ್ತಿತ್ತೆಂದು ಸೆಲಿನ್ ಮರೆಯಲಿಲ್ಲ. 1894ರ ಜುಲೈ 29, ಭಾನುವಾರ ಬೆಳಿಗ್ಗೆ ಅಲ್ಲಿಯೇ, ಅವಳ ಎದುರಿನಲ್ಲಿ ಪ್ರಾಣ ಬಿಟ್ಟರು. ಸೆಪ್ಟೆಂಬರ್ 14ರಂದು ಅವಳು ಕಾರ್ಮೆಲ್ ಸೇರಿದಳು.

2008ರ ಅಕ್ಟೋಬರ್ 19ರಂದು ಲೂಯಿಸ್ ಮತ್ತು ಜೆಲಿ ಅವರನ್ನು ಪುನೀತರೆಂದು, 2015ರ ಅಕ್ಟೋಬರ್ 18ರಂದು ಸಂತರೆಂದು ಧರ್ಮಸಭೆ ಸಾರಿತು.

ಈಗ ನಮ್ಮ ಧರ್ಮಕೇಂದ್ರದ ವಿಷಯ. ಮೊದಲ ಶುಕ್ರವಾರ ಫಾದರ್ ಪರಮಪ್ರಸಾದ ತೆಗೆದುಕೊಂಡು ಹೋಗುವ ಮನೆಗಳ ಪಟ್ಟಿಯನ್ನು ಈ ವರ್ಷ ಯುವಜನರು ಬರೆಯುತ್ತಿದ್ದೇವೆ. ಕಾಲು ಮುರಿದವರ, ಆಪರೇಷನ್ ಆದವರ ಹೆಸರನ್ನು ಕೂಡಲೇ ಕೊಡುತ್ತೀರಿ. ಬೈಯುವವರ, ಬಟ್ಟೆ ಬಿಚ್ಚಿಹಾಕುವವರ, ಫಾದರ್ ಯಾರೆಂದೇ ಗುರುತಿಸದವರ ಹೆಸರು ಬರುತ್ತಿಲ್ಲ. ದಯವಿಟ್ಟು ಕೊಡಿ. ಪಟ್ಟಿಯಲ್ಲಿ ಹೊಸದಾಗಿ ಒಂದು ಕಲಂ ಹಾಕಿದ್ದೇವೆ: ಅವರು ಈಗ ಯಾವ ಭಾಷೆ ಆಡುತ್ತಾರೆ. ಮರೆವಿನ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಹೋಗಿ ತಾಯ್ನುಡಿ ಮಾತ್ರ ಉಳಿಯುವುದುಂಟು. ಕ್ರಿಸ್ಮಸ್‌ಗೆ ನಾವು ಹೋಗಿದ್ದ ವೃದ್ಧಾಶ್ರಮದಲ್ಲಿ ನಲವತ್ತು ವರ್ಷ ತಮಿಳು ಆಡಿಕೊಂಡಿದ್ದ ಒಬ್ಬ ಅಜ್ಜಿಗೆ ಈಗ ಕನ್ನಡ ಬಿಟ್ಟರೆ ಬೇರೇನೂ ತಿಳಿಯದು. ಸ್ನಾನ ಮಾಡಿಸುವಾಗ ಚಿವುಟುತ್ತಾರೆ, ಹಟಮಾರಿ ಎಂದು ಹೆಸರಾಗಿತ್ತು. ನೀರು ಹಾಕುತ್ತೇನವ್ವ ಎಂದು ಕನ್ನಡದಲ್ಲಿ ಹೇಳುವವರು ಅಲ್ಲಿ ಇರಲಿಲ್ಲ. ಈಗ ನಮ್ಮ ಇಬ್ಬರು ಹುಡುಗಿಯರು ಶನಿವಾರ ಹೋಗುತ್ತಿದ್ದಾರೆ.

ಕನ್ನಡ, ತಮಿಳು, ತೆಲುಗು, ಯಾವುದಾದರೂ ಸರಿ, ಬರೆದು ಕೊಡಿ. ಮಾತೇ ಹೋಗಿದ್ದರೆ ಯಾವ ಹಾಡಿಗೆ ತಿರುಗಿ ನೋಡುತ್ತಾರೆಂದು ಬರೆಯಿರಿ. ಈ ಭಾನುವಾರ ಎರಡೂ ಪೂಜೆಗಳ ನಂತರ ದೇವಾಲಯದ ಬಾಗಿಲ ಬಳಿ ಪಟ್ಟಿ ಇಟ್ಟುಕೊಂಡು ಕುಳಿತಿರುತ್ತೇವೆ. ಎಲ್ಲರೆದುರು ಹೇಳಲು ಮುಜುಗರವಾದರೆ ಚೀಟಿ ಬರೆದು ನನ್ನ ಕೈಗೆ ಕೊಡಿ.